ಗಡ್ಡಿಯ ಇಂಗ್ಲಿಷು

ಬಿ.ಕಾಂ. ಹುಡುಗರ ಇಂಗ್ಲಿಷ್ ಪುಸ್ತಕದಲ್ಲಿ ಒಬ್ಬ ಸಂಭಾವಿತ ವ್ಯಾಪಾರಿ ಇರುತ್ತಾನೆ. ಅವನು ಯಾರ ಎದುರಿಗೂ ಕೂತು ಮಾತಾಡುವವನಲ್ಲ, ಪತ್ರ ಬರೆಯುವವನು. ದರ ವಿಚಾರಿಸಲು ಒಂದು ಪತ್ರ, ಮಾಲು ತಡವಾದರೆ ಇನ್ನೊಂದು, ಒಡೆದು ಬಂದರೆ ಮತ್ತೊಂದು. ಎಲ್ಲದರ ಕೊನೆಗೂ ‘ಯುವರ್ಸ್ ಫೇತ್‌ಫುಲಿ’. ಗಂಗಾವತಿಯ ಅಕ್ಕಿ ಗಿರಣಿಗಳ ಕಡೆ ಇಂಥ ಮನುಷ್ಯನನ್ನು ನಾನಂತೂ ಕಂಡಿಲ್ಲ. ಅಲ್ಲಿ ಸೋನಾ ಮಸೂರಿಯ ದರ ಕನ್ನಡದಲ್ಲಿ ಏರಿ, ತೆಲುಗಿನಲ್ಲಿ ಇಳಿದು, ಫೋನಿನ ಹಿಂದಿಯಲ್ಲಿ ಕುದುರುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ವ್ಯವಹಾರದ ಇಂಗ್ಲಿಷು ಕಲಿಸಿದ ಶಾಲೆ ಬೇರೆ. ಹಂಪಿಯಿಂದ ಹರಿಗೋಲು ಹತ್ತಿ ತುಂಗಭದ್ರೆ ದಾಟಿದರೆ ಗಂಗಾವತಿ ತಾಲೂಕಿನ ವಿರುಪಾಪುರ ಗಡ್ಡಿ. ಒಂದು ಕಾಲಕ್ಕೆ ಅಲ್ಲಿ ಗುಡಿಸಲು ಹೋಟೆಲುಗಳು, ನೆಲಕ್ಕೇ ಹಾಸಿದ ಗಾದಿಗಳು, ನಡುನಡುವೆ ಹೀಬ್ರೂ ಬೋರ್ಡುಗಳು. ಇಸ್ರೇಲಿನಲ್ಲಿ ಕಡ್ಡಾಯದ ಸೈನ್ಯದ ಚಾಕರಿ ಮುಗಿಸಿ, ಕಾಲೇಜು ಸೇರುವ ಮುಂಚೆ ದೇಶ ಸುತ್ತಲು ಹೊರಟ ಹುಡುಗ ಹುಡುಗಿಯರು ಬಂದು ವಾರಗಟ್ಟಲೆ ಬೀಡುಬಿಡುತ್ತಿದ್ದರು. ಸುತ್ತಲಿನ ಊರಿನ ಡಿಗ್ರಿ ಹುಡುಗರು ರಜೆಯಲ್ಲಿ ಅಲ್ಲೇ ಕೆಲಸಕ್ಕೆ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಕುಷ್ಟಗಿ ಕಡೆಯ ಹುಡುಗನೊಬ್ಬ ಅಲ್ಲಿ ಮೊಪೆಡ್ ಬಾಡಿಗೆಗೆ ಕೊಡುತ್ತಿದ್ದ. “ಪೆಟ್ರೋಲ್ ಯುವರ್,” ಅಂದ ಒಬ್ಬಳಿಗೆ. ಅವಳು ನಗಲಿಲ್ಲ. “ಪೆಟ್ರೋಲ್ ನಾಟ್ ಇನ್‌ಕ್ಲೂಡೆಡ್ ಅನ್ನು,” ಎಂದು ಹೇಳಿಕೊಟ್ಟು, ಮರುಗಳಿಗೆಯೇ ಬಾಡಿಗೆಗೆ ಚೌಕಾಸಿ ಶುರುಮಾಡಿದಳು. ಮುಂದಿನ ಗಿರಾಕಿಗೆ ಇವನು ಅದನ್ನೇ ಗತ್ತಿನಿಂದ ಒಪ್ಪಿಸಿದ. ಸಂಜೆ ಗಾಡಿ ತಂದು ನಿಲ್ಲಿಸಿ “ಇಟ್ ರನ್ ವೆರಿ ಗುಡ್” ಅಂದಳು ಅವಳು. “ರನ್ಸ್ ವೆಲ್ ಮೇಡಂ, ರನ್ಸ್ ವೆಲ್,” ಅಂದ ಇವನು. ಬೆಳಗಿನ ಸಾಲ ಅಲ್ಲಿಗೆ ತೀರಿತು.

ಇದೇ ಹುಡುಗನನ್ನು ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಮೇಷ್ಟ್ರ ಕೈಯಲ್ಲಿ ಮಾರ್ಕ್ಸು ಇರುತ್ತದೆ, ಹಿಂದಿನ ಬೆಂಚಿನಲ್ಲಿ ನಗುವವರು ಇರುತ್ತಾರೆ. ಗಡ್ಡಿಯಲ್ಲಿ ಅವಳ ಕೈಯಲ್ಲಿ ದುಡ್ಡು, ಇವನ ಕೈಯಲ್ಲಿ ಕೀಲಿ. ಅವಳ ಇಂಗ್ಲಿಷೂ ಶಾಲೆಯಲ್ಲಿ ಉರುಹೊಡೆದದ್ದೇ, ಇವನದೂ ಅಷ್ಟೇ. ಜಗತ್ತಿನಲ್ಲಿ ಇಂಗ್ಲಿಷ್ ಆಡುವವರಲ್ಲಿ ಹೆಚ್ಚಿನವರಿಗೆ ಅದು ಮನೆಮಾತಲ್ಲ ಎಂಬುದು ಗೊತ್ತಿದ್ದರೂ ನಾವು ಮಾತ್ರ ಲಂಡನ್ನಿನವನೇ ಬಂದು ಕಲಿಸಲಿ ಎಂದು ಕಾಯುತ್ತೇವೆ. ನಮ್ಮಲ್ಲೇ ನೋಡಿ, ತುಂಗಭದ್ರೆಯ ಕಾಲುವೆಗೆ ನೀರು ಬಂದಾಗ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡ ರೈತರು ಕನ್ನಡ ಕಲಿತದ್ದು, ಪೇಟೆಯ ಸಾಹುಕಾರರು ತೆಲುಗು ಕಲಿತದ್ದು ಯಾವ ಕೋಚಿಂಗ್ ಕ್ಲಾಸಿನಲ್ಲಿ? ತಕ್ಕಡಿಯ ಮುಂದೆ ನಿಂತೇ ಅಲ್ಲವೆ?

ಗಡ್ಡಿಯ ಶಾಲೆ ಈಗಿಲ್ಲ. ಹಂಪಿಯ ಸಂರಕ್ಷಿತ ಪ್ರದೇಶದಲ್ಲಿ ಆ ಹೋಟೆಲುಗಳೆಲ್ಲ ಅಕ್ರಮ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿದ ಮೇಲೆ ಜೆಸಿಬಿಗಳು ಬಂದವು. ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಕಲ್ಲಿನ ಹಂಪಿ ನಮಗೂ ಬೇಕು. ಹುಡುಗರು ಸಣಾಪುರ, ಆನೆಗೊಂದಿ ಅಂತ ಚದುರಿದರು.

ಆದರೆ ಆ ಇಂಗ್ಲಿಷಿನ ಗರಜು ಹೆಚ್ಚಾಗಿದೆ. ಭಾನಾಪುರದ ಹತ್ತಿರ ಆಟಿಕೆ ಕ್ಲಸ್ಟರ್ ಎದ್ದಿದೆ. ಕಿನ್ನಾಳದ ಬೊಂಬೆಗೆ ಬಣ್ಣ ಹಚ್ಚುವವರು ಗಿರಾಕಿಯ ಮುಖ ನೋಡಿ ದರ ಹೇಳಬಹುದು. ಆದರೆ ಕ್ಲಸ್ಟರಿನ ಕಂಪನಿಯ ಆಟಿಕೆ ಕೊಳ್ಳುವವನು ಸಮುದ್ರದಾಚೆ ಕೂತು ಮೇಲ್ ಕಳಿಸುವವನು. ಯಲಬುರ್ಗಾದ ಹುಡುಗಿಗೆ ಅವನೊಡನೆ ಫೋನಿನಲ್ಲಿ ತಕರಾರು ಮಾಡಲು ಬರಬೇಕು.

ನಮಗೊಂದು ಕೊಪ್ಪಳ ವಿಶ್ವವಿದ್ಯಾಲಯವೂ ಆಯಿತು, 2022ರಲ್ಲಿ. ಗಡ್ಡಿಯ ಶಾಲೆಯ ಕೆಲಸವನ್ನು ಈಗ ಅದು ಮಾಡಲಿ. ಮೈಸೂರಿನ ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳು ಎಷ್ಟೋ ಜನ ಓದುತ್ತಾರೆ. ಅವರಲ್ಲಿ ನಾಲ್ಕು ಮಂದಿಯನ್ನು ಸುಗ್ಗಿಯಲ್ಲಿ ಇಲ್ಲಿಗೆ ಕರೆಸಿ ನಮ್ಮ ಬಿ.ಕಾಂ. ಹುಡುಗರ ಜೋಡಿ ಗಂಗಾವತಿಯ ಗಿರಣಿಗೆ ಕಳಿಸಬೇಕು. ಅವರು ಕೊಳ್ಳಲಿ, ಇವರು ಮಾರಲಿ, ಇಂಗ್ಲಿಷಿನಲ್ಲೇ ಜಗಳಾಡಲಿ. ಕೊಪ್ಪಳದ ಮೇಷ್ಟ್ರೊಬ್ಬರಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವರು ಕಣ್ಣುಮುಚ್ಚಿ ಪೂರಾ ಕೇಳಿಸಿಕೊಂಡರು.

“ಐಡಿಯಾ ಭಾಳ ಚಲೋ ಐತ್ರಿ. ಇದಕ್ಕ ಇಂಟರ್ನಲ್ ಮಾರ್ಕ್ಸ್ ಎಷ್ಟ್ ಇಡೂಣು?”