ಪಕ್ಷವಿಲ್ಲದ ರಾಷ್ಟ್ರಪತಿ

ಪ್ರೀತಿಯ ಓದುಗ ಗೆಳೆಯರೇ,

ರಾಜಕೀಯದ ಗಾಳಿ ಸೋಕದವರೇ ರಾಷ್ಟ್ರಪತಿಯಾಗಬೇಕು, ಅಬ್ದುಲ್ ಕಲಾಂ ಅಂಥವರು ಇನ್ನೊಬ್ಬರು ಸಿಗಲಿ ಎಂದು ಬರೆದಿದ್ದೀರಿ. ಕಲಾಂ ಮೇಲಿನ ಅಭಿಮಾನದಲ್ಲಿ ನನಗೂ ಪಾಲು ಕೊಡಿ. ಆದರೆ ಮೊದಲರ್ಧಕ್ಕೆ ಮಾತ್ರ ಹೂಂಗುಟ್ಟಲಾರೆ.

2002ರ ಚುನಾವಣೆಯನ್ನೇ ನೋಡಿ. ಕಲಾಂ ಯಾವ ಪಕ್ಷದವರೂ ಅಲ್ಲ, ನಿಜ. ಆದರೆ ಅವರ ಹೆಸರು ಮುಂದಿಟ್ಟದ್ದು ವಾಜಪೇಯಿಯವರ ಎನ್‌ಡಿಎ. ಕಾಂಗ್ರೆಸ್ ಬೆಂಬಲಿಸಿತು. ಒಪ್ಪದ ಎಡಪಕ್ಷಗಳು ಸುಭಾಷ್‌ಚಂದ್ರ ಬೋಸರ ಝಾನ್ಸಿ ರಾಣಿ ದಳವನ್ನು ಮುನ್ನಡೆಸಿದ್ದ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರನ್ನು ನಿಲ್ಲಿಸಿದವು. ಕಲಾಂಗೆ ಬಂದ ಮತಮೌಲ್ಯ 9,22,884, ಲಕ್ಷ್ಮಿಯವರಿಗೆ 1,07,366. ಇಷ್ಟೆಲ್ಲ ಲೆಕ್ಕಾಚಾರದ ಮೇಲೆ ನಡೆದ ಸ್ಪರ್ಧೆಗೆ ರಾಜಕೀಯ ಅನ್ನದೆ ಇನ್ನೇನನ್ನೋಣ?

ಬೇರೆ ದಾರಿಯೂ ಇಲ್ಲ ಬಿಡಿ. ನಾಮಪತ್ರಕ್ಕೆ 50 ಸೂಚಕರು, 50 ಅನುಮೋದಕರು ಸಹಿ ಹಾಕಬೇಕು. ಅಷ್ಟೂ ಜನ ಚುನಾಯಿತ ಸಂಸದರೋ ಶಾಸಕರೋ ಆಗಿರಬೇಕು. ಮತ ಹಾಕುವವರೂ ಅವರೇ. ನಮ್ಮ ವಿಧಾನಸೌಧದಲ್ಲಿ ಗುಲಾಬಿ ಬಣ್ಣದ ಮತಪತ್ರದ ಮೇಲೆ ಒಬ್ಬ ಶಾಸಕರು '1' ಎಂದು ಬರೆದರೆ ಅದರ ಮೌಲ್ಯ 131. ಪಕ್ಷಗಳ ಅಂಗಳ ದಾಟದೆ ರಾಷ್ಟ್ರಪತಿ ಭವನದ ಬಾಗಿಲು ಯಾರಿಗೂ ಸಿಗದು.

ಹಾಗಾದರೆ ಪಕ್ಷದ ನಂಟಿಲ್ಲದವರು ಕುರ್ಚಿಯ ಮೇಲೆ ಕೂತಾಗ ಏನಾಗುತ್ತದೆ? 2005ರ ಮೇನಲ್ಲಿ ಬಿಹಾರ ವಿಧಾನಸಭೆ ವಿಸರ್ಜಿಸುವ ಸಂಪುಟದ ಶಿಫಾರಸು ರಾತ್ರೋರಾತ್ರಿ ಮಾಸ್ಕೋದಲ್ಲಿದ್ದ ಕಲಾಂ ಅವರಿಗೆ ಫ್ಯಾಕ್ಸ್ ಆಯಿತು. ಅವರು ಸಹಿ ಹಾಕಿದರು. ಆ ವಿಸರ್ಜನೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿತು. ರಾಜೀನಾಮೆಗೂ ಸಿದ್ಧನಾಗಿದ್ದೆ ಎಂದು ಆಮೇಲೆ ಅವರೇ ಬರೆದುಕೊಂಡರು.

ಅವರಿಗೂ ಹಿಂದಿನ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಕಾಂಗ್ರೆಸ್ಸಿನಿಂದ ಮೂರು ಸಲ ಲೋಕಸಭೆಗೆ ಗೆದ್ದು ಮಂತ್ರಿಯಾಗಿದ್ದವರು. 1997ರಲ್ಲಿ ರಾಜ್ಯಪಾಲರ ವರದಿ ಹಿಡಿದು ಉತ್ತರಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡಿ ಎಂದು ಗುಜ್ರಾಲ್ ಸಂಪುಟ ಕೇಳಿದಾಗ, ಮರುಪರಿಶೀಲಿಸಿ ಎಂದು ಕಡತ ವಾಪಸ್ ಕಳಿಸಿದರು. ಸಂಪುಟ ಆ ವಿಷಯವನ್ನು ಅಲ್ಲಿಗೇ ಕೈಬಿಟ್ಟಿತು. ಉಳಿದದ್ದು ಬಿಜೆಪಿ ಸರ್ಕಾರ. ಉಳಿಸಿದ್ದು ಹಳೆಯ ಕಾಂಗ್ರೆಸ್ಸಿಗ! ರಾಜ್ಯಪಾಲರ ವರದಿಯ ಸಾಲುಗಳ ನಡುವೆ ಏನಿರುತ್ತದೆಂದು ರಾಜಕೀಯದಲ್ಲಿ ಪಳಗಿದ ಕಣ್ಣಿಗೆ ಬೇಗ ಕಾಣುತ್ತದೆ.

ಕಲಾಂ ಕೂಡ ಕಲಿತರು. 2006ರಲ್ಲಿ, ಸಂಸದರು ಹೊಂದಬಹುದಾದ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಸಂಸತ್ತಿಗೆ ಹಿಂದಿರುಗಿಸಿದರು. ಸಂಸತ್ತು ಮತ್ತೆ ಅದನ್ನೇ ಅಂಗೀಕರಿಸಿದ್ದರಿಂದ ಸಹಿ ಹಾಕಲೇಬೇಕಾಯಿತು. ಆದರೂ ಇಡೀ ದೇಶ ಆ ಮಸೂದೆಯತ್ತ ತಿರುಗಿ ನೋಡಿತು. ನನ್ನ ಕಣ್ಣಿಗೆ ಅದು ಅವರ ಒಳ್ಳೆಯ ರಾಜಕೀಯ ನಡೆ.

ಆದ್ದರಿಂದ ರಾಜಕೀಯ ಗೊತ್ತಿಲ್ಲದಿರುವುದು ಆ ಹುದ್ದೆಗೆ ಅರ್ಹತೆ ಎಂದು ನನಗನ್ನಿಸುವುದಿಲ್ಲ. ಗೆಲ್ಲಿಸಿದವರ ಹಂಗು ಹರಿದುಕೊಳ್ಳುವ ಗುಂಡಿಗೆ ಬೇಕು, ಅಷ್ಟೆ. ಮುಂದಿನ ಸಲ ಹೆಸರುಗಳು ತೇಲಿಬಂದಾಗ ಅಭ್ಯರ್ಥಿ ಯಾವ ಪಕ್ಷದವರು ಎಂದು ಕೇಳಿ ಸುಮ್ಮನಾಗಬೇಡಿ. ಯಾರಿಗಾದರೂ, ಯಾವತ್ತಾದರೂ 'ಇದಾಗದು' ಎಂದಿದ್ದಾರಾ ಎಂದೂ ವಿಚಾರಿಸಿ. ಅಂಥವರು ನಿಮ್ಮ ಗಮನಕ್ಕೆ ಬಂದಿದ್ದರೆ ಬರೆಯಿರಿ. ಅವರ ಪಕ್ಷ ಯಾವುದೇ ಇರಲಿ, ನನ್ನ ತಕರಾರಿಲ್ಲ.

ಇಂತಿ,
ನಿಮ್ಮ ಪತ್ರಮಿತ್ರ