‘ಅರೇಂಜ್’ ಎಂಬ ಮಾತಿನ ಕುಲಗೋತ್ರ

ಇಂಗ್ಲಿಷ್ ಬಾರದವರ ಮನೆಗಳಲ್ಲಿಯೂ ‘ಅರೇಂಜ್ ಮಾಡು’ ಎಂಬ ಮಾತು ಈಗ ಕೇಳಿಬರುತ್ತದೆ. ಊಟಕ್ಕೂ ಅರೇಂಜ್, ಮದುವೆಗೂ ಅರೇಂಜ್. ಇಟ್ಟುದನ್ನು ತೆಗೆದು ಬೇರೆ ಕ್ರಮದಲ್ಲಿಟ್ಟರೆ ‘ರೀಅರೇಂಜ್’. ಬಹುಕಾಲ ಶಬ್ದಪಾಠ ಹೇಳಿದ ನಮಗೆ ಈ ಅತಿಥಿಯ ಕುಲಗೋತ್ರಗಳನ್ನು ವಿಚಾರಿಸಬೇಕೆನಿಸಿತು.

ಇದು ಹುಟ್ಟಿದುದು ಗೃಹದಲ್ಲಲ್ಲ, ರಣರಂಗದಲ್ಲಿ. 14ನೆಯ ಶತಮಾನದಲ್ಲಿ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಈ ಕ್ರಿಯಾಪದಕ್ಕೆ ಯೋಧರನ್ನು ಯುದ್ಧಕ್ಕಾಗಿ ಸಾಲಾಗಿ ನಿಲ್ಲಿಸುವುದೆಂದು ಅರ್ಥವಿದ್ದಿತು. ಫ್ರೆಂಚಿನ ‘ರಾಂಗ್’ ಎಂದರೆ ಸಾಲು. ‘ರ‍್ಯಾಂಕ್’, ‘ರೇಂಜ್’ ಎಂಬವೂ ಅದರ ಸಂತತಿಯೇ. ಈ ಸಾಲಿನ ಮೂಲವನ್ನು ಭಾಷಾಪಂಡಿತರು ಪ್ರಾಚೀನ ಫ್ರಾಂಕ್ ಜನರ ‘ಹ್ರಿಂಗ್’ ಎಂಬ ಶಬ್ದಕ್ಕೆ ಒಯ್ಯುತ್ತಾರೆ. ಅದರ ಅರ್ಥ ವರ್ತುಲ; ಉಂಗುರವೆನ್ನುವ ‘ರಿಂಗ್’ ಅದರ ದಾಯಾದಿ. ಸಾಮಾನುಗಳನ್ನು ಓರಣವಾಗಿಡುವುದೆಂಬ ಅರ್ಥ ರೂಢಿಗೆ ಬಂದುದು 18ನೆಯ ಶತಮಾನದ ಕೊನೆಯ ವೇಳೆಗೆ. ‘ಮರಳಿ’ ಎಂಬ ಅರ್ಥದ ಲ್ಯಾಟಿನ್ ಉಪಸರ್ಗ ಮುಂದೆ ಕೂಡಿದಾಗ ‘ರೀಅರೇಂಜ್’ ಆಯಿತು.

ನಮ್ಮಲ್ಲಿಯೂ ಇಂತಹ ಮಾತುಗಳಿವೆ. ಸಂಸ್ಕೃತದ ‘ವ್ಯೂಹ’ಕ್ಕೆ ವಿಂಗಡಿಸಿ ನೆಲೆಗೊಳಿಸುವುದೆಂಬುದು ಅರ್ಥ, ಸೇನಾರಚನೆಯೆಂಬುದೂ ಅರ್ಥ. ಚಕ್ರವ್ಯೂಹದಲ್ಲಂತೂ ವರ್ತುಲವೂ ಸೇನೆಯೂ ಒಂದಾಗಿವೆ. ಕನ್ನಡದ ‘ಅಣಿ’ ಎಂದರೆ ಸೈನ್ಯದ ಸಾಲು. ಇಂದು ನಾವು ಎಲೆ ಹಾಕಿ ಊಟಕ್ಕೆ ‘ಅಣಿಮಾಡು’ತ್ತೇವೆ.

ಇವೆಲ್ಲವೂ ಮನುಷ್ಯರನ್ನು ಕುರಿತ ಮಾತುಗಳೂ ಆಗಿದ್ದವೆಂಬುದನ್ನು ಗೃಹಸ್ಥರು ಗಮನಿಸಬೇಕು. ಯಾರು ಎಲ್ಲಿ ನಿಲ್ಲಬೇಕೆಂಬುದೇ ಅಲ್ಲಿ ಮುಖ್ಯ. ನೋಟದ ಅಂದ ಆಮೇಲಿನದು. ಕಣ್ಣು ಮಂಜಾದ ಅತ್ತೆಯವರಿಗೆ ಮೆಂತ್ಯದ ಡಬ್ಬ ಬಲಗಡೆಯಿಂದ ಎರಡನೆಯದೆಂದು ಕೈಗೇ ತಿಳಿದಿರುತ್ತದೆ. ಸೊಸೆ ಒಂದು ಮಧ್ಯಾಹ್ನ ಡಬ್ಬಗಳನ್ನೆಲ್ಲ ಎತ್ತರಕ್ಕನುಸಾರವಾಗಿ ಸಾಲಿಟ್ಟರೆ ಗೂಡು ನೋಡಲು ಚೆನ್ನಾಗುವುದು ನಿಜ. ಆದರೆ ಅತ್ತೆಯವರು ತಮ್ಮ ಅಡಿಗೆಮನೆಯಲ್ಲಿಯೇ ಹೊರಗಿನವರಾಗುತ್ತಾರೆ. ಸಾಸುವೆಗೂ ಮತ್ತೊಬ್ಬರನ್ನು ಕೇಳಬೇಕು. ನಾಲ್ಕು ದಿನ ಕೇಳಿಯಾರು. ಐದನೆಯ ದಿನ ಒಲೆಯ ಬಳಿಗೆ ಬರುವುದನ್ನೇ ಬಿಟ್ಟಾರು.

ಸೊಸೆಯದು ಅಪರಾಧವೆಂದು ನಾವು ಹೇಳುವುದಿಲ್ಲ. ದಿನವೂ ದುಡಿಯುವ ಅವಳ ಕೈಗೂ ಅನುಕೂಲ ಬೇಕು. ಆದುದರಿಂದ ಗೂಡನ್ನು ಬರಿದುಮಾಡುವ ಮುನ್ನ ಅತ್ತೆಯವರನ್ನು ಹತ್ತಿರ ಕೂರಿಸಿಕೊಂಡು, ಒಂದೊಂದು ಡಬ್ಬವನ್ನೂ ಅವರ ಕೈಗೆ ಕೊಟ್ಟು, ‘ಇದನ್ನು ಎಲ್ಲಿಡೋಣ?’ ಎಂದು ಕೇಳಿದರೆ ಸಾಕು. ಕೆಲಸಕ್ಕೆ ಅರ್ಧ ಗಳಿಗೆ ಹೆಚ್ಚು ಹಿಡಿದೀತು. ಮರುದಿನ ಬೆಳಿಗ್ಗೆ ಒಗ್ಗರಣೆಗೆ ಇಬ್ಬರ ಕೈಗೂ ಸಾಸುವೆ ಸಿಕ್ಕೀತು.