ಅತ್ತೆಯವರ ಸೀರೆಗೆ ಕತ್ತರಿ

ಹಳೇ ಸೀರೆಗೆ ನಮ್ಮ ಮನೆಗಳಲ್ಲಿ ಇರುವುದು ಮೂರೇ ಗತಿ. ಮಗುವಿನ ತೊಟ್ಟಿಲಿಗೆ ಹೋಗಬೇಕು, ನೆಲ ಒರೆಸಲು ಹೋಗಬೇಕು, ಇಲ್ಲವೇ ಸ್ಟೀಲ್ ಪಾತ್ರೆ ಹೊತ್ತು ಬರುವವಳ ಗಂಟಿಗೆ ಹೋಗಬೇಕು. ಆದರೆ ತೀರಿಹೋದ ಹಿರಿಯರ ಸೀರೆಯ ಮಾತೇ ಬೇರೆ ನೋಡಿ. ಉಡಲು ಮನಸ್ಸು ಬಾರದು, ಕೊಡಲು ಕೈ ಬಾರದು. ಬೀರುವಿನಲ್ಲೇ ಇಟ್ಟುಕೊಂಡರೆ ನಮ್ಮ ಕಡೆಯ ಮಳೆ ಬಿಟ್ಟೀತೇ? ಎರಡು ಆಟಿ ಕಳೆಯುವಷ್ಟರಲ್ಲಿ ಮಡಿಕೆಯ ಗೆರೆಯುದ್ದಕ್ಕೂ ಬೂಸ್ಟು ಹಿಡಿದು, ಬಿಡಿಸಿದ ಕಡೆಯೇ ಪಿಸಿಯುತ್ತದೆ.

ನಮ್ಮ ಅತ್ತೆಯವರು ಹೋದಾಗ ಬೀರುವಿನಲ್ಲಿ ಹನ್ನೊಂದು ಸೀರೆಗಳಿದ್ದವು. ಹಕ್ಕುದಾರರು ಮೂವರು. ಪುತ್ತೂರಿನಲ್ಲಿ ನಾನು, ಸುಳ್ಯದಲ್ಲಿ ನಾದಿನಿ, ಕಡಬದಲ್ಲಿ ಓರಗಿತ್ತಿ. (ಕಡಬ ಮೊದಲು ನಮ್ಮ ಪುತ್ತೂರು ತಾಲೂಕಿಗೇ ಸೇರಿತ್ತು, ಈಗ ಅದೇ ಒಂದು ತಾಲೂಕು. ಓರಗಿತ್ತಿಗೆ ಅದರದ್ದೊಂದು ಸಣ್ಣ ಹೆಮ್ಮೆ.) ಇದರ ನಡುವೆ ಓರಗಿತ್ತಿಯ ಮಗಳು ಟೊರಾಂಟೊದಿಂದ ಫೋನು ಮಾಡಿದಳು. ಪಾಪ, ಅಜ್ಜಿಯ ಕೊನೆಗೆ ಅವಳಿಗೆ ಬರಲಾಗಿರಲಿಲ್ಲ. "ದೊಡ್ಡಮ್ಮಾ, ಅಜ್ಜಿಯ ಸೀರೆಯಲ್ಲಿ ಹೊದ್ದುಕೊಳ್ಳುವ ಹಾಗೆ ಏನಾದರೂ ಹೊಲಿದು ಕೊಡ್ತೀರಾ?" ಎಂದು ಕೇಳಿ, ಒಂದು ಚಿತ್ರವನ್ನೂ ಕಳಿಸಿದಳು.

ಅಮೆರಿಕ, ಕೆನಡಾದ ಹೆಂಗಸರು ಹೊಲಿಯುವ ಕೌದಿಯ ಚಿತ್ರ ಅದು. ಸಾಲು ಸಾಲು ತ್ರಿಕೋನಗಳು ಒಂದರ ಹಿಂದೆ ಒಂದು, ಎಲ್ಲದರ ಮೂತಿಯೂ ಒಂದೇ ದಿಕ್ಕಿಗೆ. ಅದಕ್ಕೆ 'ಫ್ಲೈಯಿಂಗ್ ಗೀಸ್' ಅಂತಾರಂತೆ, ಹಾರುವ ಹೆಬ್ಬಾತು. ಚಳಿ ಶುರುವಾಗುವ ಮೊದಲು ಅಲ್ಲಿಯ ಹೆಬ್ಬಾತುಗಳು ಹಿಂಡುಗಟ್ಟಿ ದಕ್ಷಿಣಕ್ಕೆ ಹಾರುತ್ತವಲ್ಲ, ಅದೇ. ನಮ್ಮವರು ಕನ್ನಡಕ ಏರಿಸಿ ನೋಡಿ "ಇದು ಸಮೋಸ" ಎಂದರು. ನನಗೆ ಮಾತ್ರ ಸಂಜೆ ಗದ್ದೆಯ ಮೇಲೆ ಗೂಡಿಗೆ ಹೊರಟ ಬೆಳ್ಳಕ್ಕಿ ಸಾಲು ಕಂಡಿತು. ನಮ್ಮ ಮನೆಯಲ್ಲಿ ಈಗ ಅದರ ಹೆಸರು ಬೆಳ್ಳಕ್ಕಿ ಕೌದಿ.

ಕೌದಿ ನಮ್ಮ ನಾಡಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಅಜ್ಜಿಯಂದಿರು ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರ ಕವಂದಿಯಂತೂ ಸಮುದ್ರದಾಚೆಗೂ ಹೆಸರಾಗಿದೆ. ಅವರು ಅಂಚಿನಿಂದ ಶುರು ಮಾಡಿ ಒಳಕ್ಕೆ ಸುತ್ತುತ್ತಾ ಹೊಲಿಯುತ್ತಾರೆ, ಮೂಲೆಗಳಿಗೆ ಮಡಚಿದ ತ್ರಿಕೋನದ 'ಫುಲ್ಲಾ' ಇಡದೆ ಮುಗಿಸುವುದಿಲ್ಲ. ಅವರಿಗೆ ಅಳತೆಪಟ್ಟಿ ಬೇಡ, ಕಣ್ಣೇ ಅಳತೆ. ಈ ಬೆಳ್ಳಕ್ಕಿಗೆ ಹಾಗಲ್ಲ. ಅರೆಕಾಲು ಇಂಚು ತಪ್ಪಿದರೆ ಹಕ್ಕಿಯ ಮೂಗೇ ಹೊಲಿಗೆಯೊಳಗೆ ಹೋಗುತ್ತದೆ.

ಸುದ್ದಿ ಸುಳ್ಯಕ್ಕೆ ತಲುಪಿತು. "ಅಮ್ಮನ ಸೀರೆಗೆ ಕತ್ತರಿಯಾ? ನಾನಿರುವ ತನಕ ಆಗದು," ಎಂದು ನಾದಿನಿ ಫೋನು ಇಟ್ಟೇಬಿಟ್ಟಳು. ನಾನು ವಾದಕ್ಕೆ ಹೋಗಲಿಲ್ಲ. ಅವಳ ಅಮ್ಮ, ಅವಳ ಸಂಕಟ. ಬದಲಿಗೆ ಕಾಗದ, ಪೆನ್ಸಿಲ್ ಹಿಡಿದು ಕುಳಿತೆ.

ಲೆಕ್ಕ ಇಷ್ಟೇ. ಹೊಲಿದ ಮೇಲೆ ಒಂದು ಹಕ್ಕಿ 6 ಇಂಚು ಅಗಲ, 3 ಇಂಚು ಎತ್ತರ. ನಡುವಿನ ದೊಡ್ಡ ತ್ರಿಕೋನ ಹಕ್ಕಿ, ಎರಡು ಬದಿಯ ಚಿಕ್ಕ ತ್ರಿಕೋನ ಆಕಾಶ. 60 ಇಂಚು ಅಗಲ, 84 ಇಂಚು ಉದ್ದದ ಕೌದಿಗೆ 28 ಹಕ್ಕಿಗಳ 5 ಸಾಲು, ಒಟ್ಟು 140. ಸಾಲುಗಳ ನಡುವೆಯೂ ಎರಡು ಬದಿಗೂ 5 ಇಂಚಿನ ಒಂದೇ ಬಣ್ಣದ ಪಟ್ಟಿ, ಅವು 6. ಹಕ್ಕಿಗಾಗಿ 7¼ ಇಂಚಿನ ಚೌಕ ಕತ್ತರಿಸಿ, ಎರಡೂ ಮೂಲೆಗೆರೆಗಳಲ್ಲಿ ಸೀಳಿದರೆ ಒಂದು ಚೌಕಕ್ಕೆ ನಾಲ್ಕು ಹಕ್ಕಿ. ಅಂದರೆ 35 ಚೌಕ. ಸೀರೆಯ ಅಂಚು ಬಿಟ್ಟು ಅಡ್ಡಕ್ಕೆ ಐದು ಚೌಕ ಸಲೀಸಾಗಿ ಕೂರುತ್ತವೆ. ಏಳು ಸೀರೆಯಿದ್ದರೆ ಒಂದೊಂದರಿಂದ ಏಳೂಕಾಲು ಇಂಚಿನ ಒಂದೇ ಒಂದು ಪಟ್ಟಿ ಸಾಕು! ಅದನ್ನು ಒಳಸೆರಗಿನಿಂದ, ಸೊಂಟಕ್ಕೆ ಸಿಕ್ಕಿಸುವ ತುದಿಯಿಂದ ತೆಗೆದರಾಯಿತು. ಬಿಸಿಲು ಕಾಣದ ಆ ತುದಿಯಲ್ಲಿ ಬಣ್ಣವೂ ಚೆನ್ನಾಗಿ ಉಳಿದಿರುತ್ತದೆ. ಸೀರೆ ಸೀರೆಯಾಗಿಯೇ ಇರುತ್ತದೆ.

ಈ ಲೆಕ್ಕ ಕೇಳಿ ನಾದಿನಿ "ಬರುತ್ತೇನೆ, ನನ್ನ ಕಣ್ಣೆದುರೇ ಮಾಡಿ" ಎಂದಳು. ಓರಗಿತ್ತಿಯೂ ಬಂದಳು.

ಮೂವರೂ ಹನ್ನೊಂದನ್ನೂ ಹರಡಿ ಕುಳಿತೆವು. ರೇಷ್ಮೆ ಎರಡನ್ನು ಮುಟ್ಟಲಿಲ್ಲ. ಜರಿ ಇರುವ ಬಟ್ಟೆ ಹತ್ತಿಯ ಜೊತೆ ಸಂಸಾರ ಮಾಡುವುದಿಲ್ಲ. ಸಂಶಯ ಬಂದ ಸೀರೆಗಳ ಒಂದೊಂದು ನೂಲು ಎಳೆದು ದೀಪಕ್ಕೆ ಹಿಡಿದೆವು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆದು ಬೂದಿ. ಕರಗಿ ಗಟ್ಟಿ ಮಣಿಯಾದರೆ ಅದು ಸಿಂತೆಟಿಕ್. ಹಾಗೆ ಎರಡು ಹೊರಗೆ ಹೋದವು. ಉಳಿದದ್ದು ಏಳು ಹತ್ತಿ ಸೀರೆ, ಅದರಲ್ಲಿ ನಾಲ್ಕು ಉಡುಪಿ ಸೀರೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದವರು ಕೈಮಗ್ಗದಲ್ಲಿ ನೇಯುವ, 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಸೀರೆ. ಎಷ್ಟು ಹಗುರ, ಎಷ್ಟು ಮೆದು! ಕೌದಿಗೆ ಅದಕ್ಕಿಂತ ಬೇರೆ ಬೇಡ.

ಹೆಬ್ಬೆರಳುಗಳಿಂದ ಎರಡು ಕಡೆ ಜಗ್ಗಿ ನೋಡಿ. ನೂಲು ಬಾಯಿ ಬಿಟ್ಟರೆ ಆ ಭಾಗ ಬೇಡ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಕೆಂಪು ಸೀರೆಯೊಂದು ಅಲ್ಲೇ ಬಣ್ಣ ಬಿಟ್ಟಿತು. ಉಪ್ಪುನೀರಲ್ಲಿ ನೆನೆಸಿದರೆ ನಿಲ್ಲುತ್ತದೆ ಅಂತಾರೆ, ನನಗಂತೂ ನಂಬಿಕೆ ಇಲ್ಲ. ಕೆಂಪು ಬಿಟ್ಟರೆ ಐದು ಚೌಕ, ಅಂದರೆ ಇಪ್ಪತ್ತು ಹಕ್ಕಿ ಕಡಿಮೆ. ಯಾರೂ ಮಾತಾಡಲಿಲ್ಲ.

ಆಕಾಶಕ್ಕೆ ಮಾವನವರ ಬಿಳಿ ಪಂಚೆ. 3⅞ ಇಂಚಿನ 140 ಚೌಕ, ಒಂದೊಂದನ್ನು ಒಂದೇ ಸಲ ಓರೆಗೆ ಸೀಳಿದರೆ 280 ಚಿಕ್ಕ ತ್ರಿಕೋನ. ಪಂಚೆಯಲ್ಲಿ ಬಾಳೆಕಾಯಿ ಸೊನೆಯ ಕಲೆಗಳಿದ್ದವು. ಆ ಕಲೆ ಜನ್ಮಕ್ಕೂ ಹೋಗದು, ಆದರೆ ತುಂಡು ಇಷ್ಟು ಚಿಕ್ಕದಾದ್ದರಿಂದ ತಪ್ಪಿಸಿ ಕತ್ತರಿಸಬಹುದು. ಬಿಳಿಯ ಮೇಲೆ ಯಾವ ಬಣ್ಣ ಎದ್ದು ಕಾಣುತ್ತದೆಂದು ತಿಳಿಯಲು ಕಣ್ಣು ಅರೆ ಮುಚ್ಚಿ ನೋಡಿ. ಮಾಸಿದ ಹಳದಿಯಂಥದು ಕರಗಿ ಹೋದರೆ, ಅದನ್ನು ಗಾಢ ಬಣ್ಣದ ಎರಡು ಹಕ್ಕಿಗಳ ನಡುವೆ ಇಡಿ.

ಹಳೇ ಬಟ್ಟೆ ಕತ್ತರಿಯ ಕೆಳಗೆ ಜಾರುತ್ತದೆ. ಮೊದಲು ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿ. ಕುಚ್ಚಲಕ್ಕಿ ಗಂಜಿ ಬೇಡ, ಬಿಳಿ ಪಂಚೆ ಕೆಂಪಗಾದೀತು. ಬೆಳ್ತಿಗೆ ಅಕ್ಕಿಯ ತಿಳಿಯೇ ಆಗಬೇಕು. ಪಟ್ಟಿ ನೇರ ಬರಲು ಹೊಕ್ಕಿನ ಒಂದು ನೂಲು ಎಳೆಯಿರಿ, ಅದು ಬಿಟ್ಟ ಗೆರೆಯ ಮೇಲೇ ಕತ್ತರಿ ನಡೆಸಿ. ಚೌಕಕ್ಕೆ ಮದುವೆ ಕಾಗದದ ದಪ್ಪ ರಟ್ಟಿನ ಅಚ್ಚು ಸಾಕು. ದೊಡ್ಡ ಚೌಕವನ್ನು ನಾಲ್ಕಾಗಿ, ಚಿಕ್ಕದನ್ನು ಎರಡಾಗಿ ಏಕೆ ಸೀಳಬೇಕೆಂದರೆ, ಆಗ ಹೊರಗಿನ ಅಂಚೆಲ್ಲ ಹಾಸುಹೊಕ್ಕಿನ ನೇರಕ್ಕೆ ಬರುತ್ತದೆ. ಜಗ್ಗುವ ಓರೆ ಅಂಚುಗಳು ಒಂದಕ್ಕೊಂದು ಹೊಲಿದುಕೊಂಡು ಒಳಗೆ ಅಡಗುತ್ತವೆ. ಹೊಲಿಗೆಗೆ ಕಾಲಿಂಚು ಬಿಡಿ.

ನಡುವಿನ ಪಟ್ಟಿಗೆ ಮಾತ್ರ ಎರಡೂವರೆ ಗಜ ಕಡುನೀಲಿ ಹತ್ತಿ ಬಟ್ಟೆಯನ್ನು ಪೇಟೆಯಿಂದ ತಂದೆ. ಒಗೆದು ಒಣಗಿಸಿ, ಕುಗ್ಗುವುದೆಲ್ಲ ಕುಗ್ಗಿದ ಮೇಲೇ ಕತ್ತರಿಸಿದ್ದು. ಒಳಗೆ ಹತ್ತಿ ತುಂಬಲಿಲ್ಲ. ನಮ್ಮ ಮಳೆಗೆ ಅದು ಒಣಗದು, ವಿಮಾನಕ್ಕೂ ಭಾರ. ಹಳೇ ಪಂಚೆಯ ಎರಡು ಪದರ ಸಾಕು.

ಹಸಿರು ಉಡುಪಿ ಸೀರೆ ನಾದಿನಿಯ ಪಾಲಿನದು. ಅದರ ನೂಲನ್ನು ತಾನೇ ಎಳೆಯುತ್ತೇನೆ ಎಂದಳು. ಹೊಕ್ಕು ಎಲ್ಲೂ ತುಂಡಾಗದೆ ಈ ಅಂಚಿನಿಂದ ಆ ಅಂಚಿಗೆ ಬಂತು. ಪಟ್ಟಿ ಕತ್ತರಿಸಿ ನನ್ನ ಕೈಗಿತ್ತು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಪ್ಪತ್ತು ಹಕ್ಕಿ ಕಡಿಮೆ ಅಂದಿರಲ್ಲ ಅತ್ತಿಗೆ, ಇನ್ನೊಂದು ಪಟ್ಟಿ ಇದರಿಂದಲೇ ತೆಗೆಯಿರಿ" ಎಂದಳು. ಓರಗಿತ್ತಿ ಎದ್ದು ಕಾಫಿ ಮಾಡಲು ಒಳಗೆ ಹೋದಳು.

ಆಗಲೇ ತೊಂಬತ್ತು ಹಕ್ಕಿ ಹೊಲಿದಾಗಿದೆ. ಹಸಿರಿನವು ನಲವತ್ತು, ಅವನ್ನು ಎಲ್ಲ ಸಾಲಿಗೂ ಎಂಟೆಂಟರಂತೆ ಹಂಚಿದ್ದೇನೆ. ಹೋದ ವಾರ ಒಂದು ಗೃಹಪ್ರವೇಶಕ್ಕೆ ನಾದಿನಿ ಆ ಹಸಿರು ಸೀರೆಯನ್ನೇ ಉಟ್ಟು ಬಂದಿದ್ದಳು. ಹದಿನಾಲ್ಕೂವರೆ ಇಂಚು ಎಲ್ಲಿ ಹೋಯಿತೆಂದು ನಮ್ಮ ಮೂವರಿಗೆ ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ.